ಕಾರ್ ರಿಪೇರಿ, ಮೇಂಟೆನೆನ್ಸ್: ಪದೇ ಪದೇ ಕೇಳೋ ಪ್ರಶ್ನೆಗಳು

ಹಳೇ ಆಲ್ಟೊ, ಸ್ಯಾಂಟ್ರೊ, ಇಂಡಿಕಾ ಇಟ್ಕೊಂಡಿರೋರಿಂದ ಹಿಡಿದು ನಿನ್ನೆ ಮೊನ್ನೆ ಹೊಸ ಗಾಡಿ ತಗೊಂಡಿರೋರ ತನಕ ಎಲ್ರೂ ಕೇಳೋದು ಹೆಚ್ಚುಕಮ್ಮಿ ಇವೇ ಪ್ರಶ್ನೆ. ನಮ್ಮೂರಿನ ರಸ್ತೆ, ನಮ್ಮ ಮಳೆ, ನಮ್ಮ ಘಾಟ್, ನಮ್ಮ ಟ್ರಾಫಿಕ್ ಲೆಕ್ಕಕ್ಕೆ ತಗೊಂಡು ಉತ್ತರ ಬರೆದಿದೀನಿ. ನಿಮ್ಮ ಗಾಡಿ ಜೊತೆ ಬಂದಿರೋ ಮ್ಯಾನುಯಲ್‌ನಲ್ಲಿ ಬೇರೆ ಥರ ಇದ್ರೆ ಮ್ಯಾನುಯಲ್ ಹೇಳಿದ್ದೇ ಸರಿ, ಅದನ್ನೇ ಫಾಲೋ ಮಾಡಿ.

ಗಾಡಿ ಪ್ರಾಬ್ಲಮ್ ಬಗ್ಗೆ ಸಲಹೆ ಕೇಳೋವಾಗ ಏನೇನು ಹೇಳ್ಬೇಕು?

ಇದನ್ನ ಮೊದ್ಲು ಹೇಳ್ತಿರೋದು ಯಾಕಂದ್ರೆ ಅರ್ಧ ದುಡ್ಡು ಹಾಳಾಗೋದೇ ಇಲ್ಲಿ. ತುಂಬ ಜನ ಗ್ಯಾರೇಜ್‌ಗೆ ಹೋಗಿ "ಕ್ಲಚ್ ಪ್ಲೇಟ್ ಹೋಗಿದೆ ಅನ್ಸುತ್ತೆ, ಚೇಂಜ್ ಮಾಡಿ" ಅಂತಾರೆ, ಮೆಕ್ಯಾನಿಕ್ ಕೂಡ ಸರಿ ಅಂತ ಬಿಚ್ಚಿಬಿಡ್ತಾರೆ, ಆಮೇಲೆ ನೋಡಿದ್ರೆ ಪ್ರಾಬ್ಲಮ್ ಇದ್ದಿದ್ದು ಬರೀ ಕ್ಲಚ್ ಕೇಬಲ್‌ದು. ಪಾರ್ಟ್ ಹೆಸರು ಹೇಳ್ಬೇಡಿ, ಏನಾಗ್ತಿದೆ ಅದನ್ನ ಹೇಳಿ. ಸೌಂಡ್ ಯಾವಾಗ ಬರುತ್ತೆ, ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗಲೋ ಹತ್ತು ಕಿಲೋಮೀಟರ್ ಓಡಿಸಿದ ಮೇಲೋ, ಹಂಪ್ ಹತ್ತೋವಾಗಲೋ ಇಳಿಯೋವಾಗಲೋ, ಸ್ಟೀರಿಂಗ್ ಫುಲ್ ತಿರುಗಿಸಿದಾಗ ಮಾತ್ರಾನಾ, ಬ್ರೇಕ್ ಒತ್ತಿದ್ರೆ ನಿಲ್ಲುತ್ತಾ ಜಾಸ್ತಿ ಆಗುತ್ತಾ. ಗಾಡಿ ಯಾವುದು, ಯಾವ ವರ್ಷದ್ದು, ಪೆಟ್ರೋಲಾ ಡೀಸೆಲ್ಲಾ, ಎಷ್ಟು ಕಿಲೋಮೀಟರ್ ಓಡಿದೆ, ಈ ತೊಂದ್ರೆ ಶುರುವಾಗೋಕೆ ಮುಂಚೆ ಏನಾದ್ರೂ ಕೆಲಸ ಮಾಡ್ಸಿದ್ರಾ, ಇಷ್ಟೂ ಹೇಳಿ. ಸೌಂಡ್ ಆದ್ರೆ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡ್ಕೊಳಿ, ಯಾಕಂದ್ರೆ ಗ್ಯಾರೇಜ್ ಮುಂದೆ ನಿಂತ ತಕ್ಷಣ ಆ ಸೌಂಡ್ ಬರೋದೇ ನಿಂತುಹೋಗಿರುತ್ತೆ. ಸಾಧ್ಯ ಆದ್ರೆ ಮೆಕ್ಯಾನಿಕ್‌ನ ಪಕ್ಕದಲ್ಲಿ ಕೂರಿಸ್ಕೊಂಡು ಒಂದು ರೌಂಡ್ ಹೋಗಿಬನ್ನಿ. ಮತ್ತೆ ಯಾವ ಪಾರ್ಟ್ ಬದಲಾಯಿಸೋ ಮುಂಚೇನೂ "ಅದೇ ಹೋಗಿದೆ ಅಂತ ಹೆಂಗೆ ಗೊತ್ತಾಯ್ತು?" ಅಂತ ಒಂದು ಮಾತು ಕೇಳಿ. ಒಳ್ಳೆ ಮೆಕ್ಯಾನಿಕ್ ಬೇಜಾರು ಮಾಡ್ಕೊಳಲ್ಲ, ಕರೆದು ತೋರಿಸ್ತಾರೆ.

ಬೆಳಿಗ್ಗೆ ಕೀ ತಿರುಗಿಸಿದ್ರೆ ಟಕ್ ಟಕ್ ಅಂತ ಸೌಂಡ್ ಬರುತ್ತೆ, ಎಂಜಿನ್ ಸ್ಟಾರ್ಟ್ ಆಗಲ್ಲ. ಬ್ಯಾಟರಿ ಹೋಯ್ತಾ?

ಹೋಗಿರಬಹುದು, ಆದ್ರೆ ಮೊದ್ಲು ಬಾನೆಟ್ ತೆಗೆದು ಬ್ಯಾಟರಿ ಟರ್ಮಿನಲ್ ನೋಡಿ. ಬಿಳಿ ಅಥವಾ ಹಸಿರು ಪುಡಿ ಥರ ಕಟ್ಕೊಂಡಿದ್ರೆ, ಇಲ್ಲಾ ಕ್ಲ್ಯಾಂಪ್ ಕೈಯಲ್ಲಿ ಹಿಡಿದು ತಿರುಗಿಸಿದ್ರೆ ಅಲ್ಲಾಡ್ತಿದ್ರೆ, ಅಷ್ಟೇ ಸಾಕು ಗಾಡಿ ಸ್ಟಾರ್ಟ್ ಆಗದೇ ಇರೋಕೆ. 10 ನಂಬರ್ ಸ್ಪ್ಯಾನರ್ ಸಾಮಾನ್ಯವಾಗಿ ಸಾಕಾಗುತ್ತೆ. ಮೈನಸ್ ಮೊದ್ಲು ಬಿಚ್ಚಿ, ಆಮೇಲೆ ಪ್ಲಸ್. ಹಾಕೋವಾಗ ಉಲ್ಟಾ, ಪ್ಲಸ್ ಮೊದ್ಲು, ಮೈನಸ್ ಕೊನೇಗೆ. ಅಡುಗೆ ಸೋಡಾ ಬೆರೆಸಿದ ಬಿಸಿನೀರನ್ನ ಸ್ವಲ್ಪ ಸ್ವಲ್ಪ ಹಾಕಿ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿದ್ರೆ ನೊರೆ ಬಂದು ಆ ಪುಡಿ ಎಲ್ಲ ಬಿಡುತ್ತೆ. ಬರಿಗೈಯಲ್ಲಿ ಮುಟ್ಬೇಡಿ, ಆಸಿಡ್ ಇರುತ್ತೆ. ಒರೆಸಿ ಒಣಗಿಸಿ ಟೈಟ್ ಮಾಡಿ ಮೇಲೆ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಸವರಿ.

ಅದಾದ್ಮೇಲೂ ಆಗ್ಲಿಲ್ಲ ಅಂದ್ರೆ ಮಲ್ಟಿಮೀಟರ್ ಇಟ್ಟು ನೋಡಿ. ರಾತ್ರಿಯೆಲ್ಲ ನಿಂತಿದ್ದ ಗಾಡೀಲಿ 12.6 ವೋಲ್ಟ್ ಹತ್ರ ಇದ್ರೆ ಬ್ಯಾಟರಿ ಫುಲ್ ಇದೆ, 12.2ಕ್ಕೆ ಬಂದ್ರೆ ಅರ್ಧ ಖಾಲಿ, 12ಕ್ಕಿಂತ ಕೆಳಗಿದ್ರೆ ಡೌನ್. ಎಂಜಿನ್ ಓಡ್ತಿರುವಾಗ ಹೆಚ್ಚಿನ ಗಾಡಿಗಳಲ್ಲಿ 13.8ರಿಂದ 14.4 ಬರ್ಬೇಕು. ಅದು ಬರದೆ 12ರಲ್ಲೇ ನಿಂತಿದ್ರೆ ಆಲ್ಟರ್ನೇಟರ್ ಚಾರ್ಜ್ ಮಾಡ್ತಿಲ್ಲ ಅಂತ ಅರ್ಥ, ಹೊಸ ಬ್ಯಾಟರಿ ಹಾಕಿದ್ರೂ ಅದು ಮತ್ತೆ ಡೌನ್ ಆಗುತ್ತೆ. ಲೈಟು ಹಾರ್ನು ಎಲ್ಲಾ ಜೋರಾಗಿದೆ, ಆದ್ರೆ ಒಂದೇ ಸಲ ಟಕ್ ಅಂದು ಸುಮ್ನಾಗುತ್ತೆ ಅಂದ್ರೆ ಸೆಲ್ಫ್ ಮೋಟಾರ್ ಕಡೆ ಅನುಮಾನ ಪಡಿ. ನಮ್ಮ ಕಡೆ ಬ್ಯಾಟರಿ ಮೂರರಿಂದ ಐದು ವರ್ಷ ಬರುತ್ತೆ. ಬರೀ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸೋ ಗಾಡಿಗಳಲ್ಲಿ ಬೇಗ ಹೋಗುತ್ತೆ, ಸ್ಟಾರ್ಟ್ ಮಾಡೋಕೆ ಖರ್ಚಾದ ಚಾರ್ಜ್ ವಾಪಸ್ ತುಂಬೋಕೆ ಟೈಮೇ ಸಿಗಲ್ಲ.

ಜಂಪ್ ಸ್ಟಾರ್ಟ್ ಮಾಡೋ ಆರ್ಡರ್ ಯಾವುದು?

ಕೆಂಪು ವೈರ್ ಡೌನ್ ಆದ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ತುದಿ ಒಳ್ಳೆ ಬ್ಯಾಟರಿ ಪ್ಲಸ್‌ಗೆ. ಕಪ್ಪು ವೈರ್ ಒಳ್ಳೆ ಬ್ಯಾಟರಿ ಮೈನಸ್‌ಗೆ, ಕೊನೇ ತುದಿ ಡೌನ್ ಆದ ಗಾಡಿಯ ಎಂಜಿನ್ ಮೇಲೆ ಪೇಂಟ್ ಇಲ್ಲದ ಲೋಹದ ಜಾಗಕ್ಕೆ, ಬ್ಯಾಟರಿಯಿಂದ ಸ್ವಲ್ಪ ದೂರ. ಬಿಚ್ಚೋವಾಗ ಉಲ್ಟಾ ಆರ್ಡರ್. ಪ್ಲಸ್ ಮೈನಸ್ ಅದಲು ಬದಲಾದ್ರೆ ಫ್ಯೂಸ್, ಇಸಿಎಂ (ಎಂಜಿನ್ ನಡೆಸೋ ಕಂಪ್ಯೂಟರ್) ಎಲ್ಲಾ ಸುಟ್ಟುಹೋಗಬಹುದು, ಹಾಗಾಗಿ ಕತ್ತಲಲ್ಲಿ ಅಂದಾಜಿನ ಮೇಲೆ ಮಾಡ್ಬೇಡಿ, ಟಾರ್ಚ್ ಹಾಕ್ಕೊಂಡು ಮಾಡಿ.

ಘಾಟ್ ಹತ್ತೋವಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯ್ತು, ಏನು ಮಾಡ್ಲಿ?

ಮೊದ್ಲು ಎಸಿ ಆಫ್ ಮಾಡಿ, ಹೀಟರ್ ಫುಲ್ ಬಿಸಿಗೆ ತಿರುಗಿಸಿ ಫ್ಯಾನ್ ಜೋರಾಗಿ ಹಾಕಿ. ಒಳಗೆ ಸೆಕೆ ಆಗುತ್ತೆ, ಆದ್ರೆ ಎಂಜಿನ್ ಬಿಸಿ ಸ್ವಲ್ಪ ಹೊರಗೆ ಬರುತ್ತೆ. ಜಾಗ ಸಿಕ್ಕ ತಕ್ಷಣ ಸೈಡಿಗೆ ಹಾಕಿ ಎಂಜಿನ್ ಆಫ್ ಮಾಡಿ. ಶಿರಾಡಿ ಅಥವಾ ಚಾರ್ಮಾಡಿಯಲ್ಲಿ ಆದ್ರೆ ತಿರುವಿನಲ್ಲಿ ನಿಲ್ಲಿಸ್ಬೇಡಿ, ಹಿಂದೆ ಬರೋ ಬಸ್ಸಿಗೆ ಕಾಣಲ್ಲ, ಸ್ವಲ್ಪ ಅಗಲ ಇರೋ ಜಾಗಕ್ಕೆ ತಂದು ನಿಲ್ಲಿಸಿ. ರೇಡಿಯೇಟರ್ ಮುಚ್ಚಳ ಬಿಸಿ ಇರುವಾಗ ತೆಗೆಯಲೇಬೇಡಿ. ಒಳಗಿನ ನೀರು ಪ್ರೆಷರ್‌ನಲ್ಲಿ ಇರುತ್ತೆ, ತೆಗೆದ ಕ್ಷಣಕ್ಕೆ ಮುಖಕ್ಕೆ ಎರಚುತ್ತೆ, ಹಿಂಗೆ ಮುಖ ಕೈ ಸುಟ್ಕೊಂಡಿರೋರು ಇದ್ದಾರೆ. ಕಮ್ಮಿ ಅಂದ್ರೂ ಅರ್ಧ ಮುಕ್ಕಾಲು ಗಂಟೆ ಬಿಡಿ, ಮೇಲಿನ ಹೋಸ್ ಪೈಪ್ ಮುಟ್ಟೋ ಹಂಗೆ ತಣ್ಣಗಾದ ಮೇಲೆ ದಪ್ಪ ಬಟ್ಟೆ ಹಾಕಿ ನಿಧಾನಕ್ಕೆ ತಿರುಗಿಸಿ.

ಕೂಲಂಟ್ (ಎಂಜಿನ್ ತಣ್ಣಗಿಡೋ ದ್ರವ) ಕಮ್ಮಿ ಇದ್ರೆ ಎಲ್ಲೋ ಲೀಕ್ ಇದೆ ಅಂತ, ಸುಮ್ನೆ ತುಂಬಿಸಿ ಮರೀಬೇಡಿ. ಕೂಲಂಟ್ ಸರಿಯಾಗೇ ಇದೆ ಅಂದ್ರೆ ಫ್ಯಾನ್ ತಿರುಗ್ತಿದೆಯಾ ನೋಡಿ, ಫ್ಯಾನ್ ಕೂಡ ಸರಿ ಇದ್ರೆ ಥರ್ಮೋಸ್ಟಾಟ್, ವಾಟರ್ ಪಂಪ್, ಕೊನೇಗೆ ಹೆಡ್ ಗ್ಯಾಸ್ಕೆಟ್. ಆಯಿಲ್ ಮುಚ್ಚಳದ ಒಳಗೆ ಹಾಲು ಹಾಕಿದ ಕಾಫಿ ಬಣ್ಣದ ಗಸಿ ದಪ್ಪಗೆ ಇದ್ದು, ಕೂಲಂಟ್ ಕೂಡ ಕಮ್ಮಿ ಆಗ್ತಿದೆ ಅಂದ್ರೆ ನೀರು ಆಯಿಲ್ ಬೆರೀತಿರೋ ಸಾಧ್ಯತೆ ಜಾಸ್ತಿ, ಆಮೇಲೆ ಓಡಿಸ್ಬೇಡಿ, ಟೋ ಮಾಡ್ಸಿ. ಟೋಯಿಂಗ್ ದುಡ್ಡು ಎಷ್ಟೇ ಆದ್ರೂ ಎಂಜಿನ್ ಬಿಚ್ಚೋ ಖರ್ಚಿನ ಮುಂದೆ ಏನೂ ಅಲ್ಲ.

ಕೂಲಂಟ್ ಬದಲು ನೀರು ಹಾಕಬಹುದಾ?

ದಾರೀಲಿ ಕೈಕೊಟ್ಟಾಗ ಮನೆ ಮುಟ್ಟೋಕೆ ಹಾಕಿ, ತಪ್ಪಿಲ್ಲ, ಆದ್ರೆ ಎಂಜಿನ್ ತಣ್ಣಗಾದ ಮೇಲೆ. ದಿನಾ ಓಡಿಸೋಕೆ ಬೇಡ. ನಮ್ಮ ಬೋರ್‌ವೆಲ್ ನೀರಿನಲ್ಲಿ ಬಕೆಟ್‌ಗೆ, ಗೀಸರ್‌ಗೆ ಹೆಂಗೆ ಬಿಳಿ ಉಪ್ಪಿನ ಪದರ ಕಟ್ಟುತ್ತೋ ರೇಡಿಯೇಟರ್ ಒಳಗಿನ ಸಣ್ಣ ಸಣ್ಣ ಕೊಳವೆಗಳಲ್ಲೂ ಅದೇ ಕಟ್ಟುತ್ತೆ, ತುಕ್ಕೂ ಹಿಡಿಯುತ್ತೆ. ರೆಡಿಮಿಕ್ಸ್ ಕೂಲಂಟ್ ತಗೊಂಡ್ರೆ ನೀರು ಸೇರಿಸ್ಬೇಡಿ, ಕಾನ್ಸೆಂಟ್ರೇಟ್ ತಗೊಂಡ್ರೆ ಡಿಸ್ಟಿಲ್ಡ್ ವಾಟರ್ ಸೇರಿಸಿ.

ಎಂಜಿನ್ ಆಯಿಲ್ ಎಷ್ಟು ಕಿಲೋಮೀಟರ್‌ಗೆ ಬದಲಾಯಿಸ್ಬೇಕು? ಕಪ್ಪಾದ್ರೆ ಕೆಟ್ಟಿದೆ ಅಂತಾನಾ?

ಈಗಿನ ಹೆಚ್ಚಿನ ಪೆಟ್ರೋಲ್ ಗಾಡಿಗಳಿಗೆ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ವರ್ಷಕ್ಕೆ 3,000 ಮಾತ್ರ ಓಡಿಸ್ತೀನಿ ಅನ್ನೋರೂ ವರ್ಷಕ್ಕೊಂದ್ಸಲ ಬದಲಾಯಿಸಿ. ದಿನಾ ಸಿಲ್ಕ್ ಬೋರ್ಡ್, ಹೆಬ್ಬಾಳ ಥರ ಟ್ರಾಫಿಕ್‌ನಲ್ಲಿ ನಿಂತು ನಿಂತು ಹೋಗೋ ಗಾಡಿ ಆದ್ರೆ ಕಿಲೋಮೀಟರ್ ಕಮ್ಮಿ ತೋರಿಸಿದ್ರೂ ಎಂಜಿನ್ ಗಂಟೆಗಟ್ಲೆ ಓಡಿರುತ್ತೆ, ಸ್ವಲ್ಪ ಮುಂಚೇನೇ ಮಾಡ್ಸೋದು ಒಳ್ಳೇದು. ಬಣ್ಣ ನೋಡಿ ತೀರ್ಮಾನ ಮಾಡ್ಬೇಡಿ, ಡೀಸೆಲ್‌ನಲ್ಲಿ ಹೊಸ ಆಯಿಲ್ ಹಾಕಿ ಸ್ವಲ್ಪ ಓಡಿಸೋದ್ರೊಳಗೆ ಕಪ್ಪಾಗಿರುತ್ತೆ, ಅದು ಮಸಿ ಹಿಡ್ಕೋತಿದೆ ಅಂತ ಅಷ್ಟೇ. ಗ್ರೇಡ್ (ಆಯಿಲ್ ಎಷ್ಟು ದಪ್ಪ ಅಂತ ಹೇಳೋ ನಂಬರ್) ಮಾತ್ರ ಮ್ಯಾನುಯಲ್‌ನಲ್ಲಿ ಇರೋದೇ ಹಾಕ್ಸಿ, 0ಡಬ್ಲ್ಯು-20 ಅಂತ ಬರೆದಿದ್ರೆ "ದಪ್ಪ ಆಯಿಲ್ ಒಳ್ಳೇದು ಸಾರ್" ಅಂತ 20ಡಬ್ಲ್ಯು-50 ಹಾಕೋಕೆ ಬಿಡಬೇಡಿ.

ಲೆವೆಲ್ ನೋಡೋದು ಎಲ್ರೂ ಕಲೀಬೇಕು. ಸಮ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಐದ್ಹತ್ತು ನಿಮಿಷ ಬಿಡಿ. ಡಿಪ್‌ಸ್ಟಿಕ್ ಎಳೆದು ಒರೆಸಿ ಪೂರ್ತಿ ಒಳಗೆ ಹಾಕಿ ಮತ್ತೆ ಎಳೆದು ನೋಡಿ, ಎರಡು ಗುರುತಿನ ಮಧ್ಯ ಇರ್ಬೇಕು. ಜಾಸ್ತಿ ತುಂಬಿಸೋದೂ ತಪ್ಪು. ಓಡಿಸುವಾಗ ಕೆಂಪು ಆಯಿಲ್ ಲೈಟ್ ಹತ್ತಿದ್ರೆ ಮುಂದಿನ ಬಂಕ್ ತನಕ ಹೋಗೋಣ ಅನ್ಬೇಡಿ, ಅಲ್ಲೇ ಆಫ್ ಮಾಡಿ. ಆಯಿಲ್ ಪ್ರೆಷರ್ ಇಲ್ದೆ ಕೆಲವೇ ನಿಮಿಷದಲ್ಲಿ ಎಂಜಿನ್ ಸೀಜ್ ಆಗುತ್ತೆ.

ಬ್ರೇಕ್ ಒತ್ತಿದ್ರೆ ಕೀಂಯ್ ಅನ್ನುತ್ತೆ

ಮಳೆಗಾಲದಲ್ಲಿ ಬೆಳಿಗ್ಗೆ ಮೊದಲ ಎರಡು ಮೂರು ಬ್ರೇಕಿಗೆ ಮಾತ್ರ ಸೌಂಡ್ ಬಂದು ಹೋದ್ರೆ ಅದು ಡಿಸ್ಕ್ ಮೇಲೆ ರಾತ್ರಿ ಹಿಡಿದ ತೆಳು ತುಕ್ಕು, ಚಿಂತೆ ಬೇಡ. ಯಾವಾಗ್ಲೂ ಕೀಂಯ್ ಅಂದ್ರೆ ಪ್ಯಾಡ್ ಚೆಕ್ ಮಾಡ್ಸಿ, 3 ಮಿಲಿಮೀಟರ್ ಹತ್ರ ಬಂದಿದ್ರೆ ಬದಲಾಯಿಸಿ. ಕರಕರ ಅಂತ ಕಬ್ಬಿಣ ಕಬ್ಬಿಣಕ್ಕೆ ಉಜ್ಜೋ ಸೌಂಡ್ ಬಂದ್ರೆ ಪ್ಯಾಡ್ ಪೂರ್ತಿ ಸವೆದು ಡಿಸ್ಕನ್ನೇ ತಿಂತಿದೆ, ಅವತ್ತೇ ತೋರಿಸಿ. ಬ್ರೇಕ್ ಪೆಡಲ್ ಮೆತ್ತಗಾಗಿ ಕೆಳಗಿಳಿದ್ರೆ ಗಾಡಿ ಓಡಿಸ್ಬೇಡಿ.

ಬ್ರೇಕ್ ಫ್ಲೂಯಿಡ್ ಎರಡು ವರ್ಷಕ್ಕೊಂದ್ಸಲ ಬದಲಾಯಿಸೋದು ನಮ್ಮಲ್ಲಿ ತುಂಬ ಜನಕ್ಕೆ ಗೊತ್ತೇ ಇಲ್ಲ. ಅದು ಗಾಳೀಲಿರೋ ತೇವಾಂಶ ಹೀರುತ್ತೆ, ಉದ್ದದ ಘಾಟ್ ಇಳಿಯೋವಾಗ ಬ್ರೇಕ್ ಕಾದು ಆ ನೀರು ಆವಿಯಾಗುತ್ತೆ, ಪೆಡಲ್ ಒತ್ತಿದ್ರೂ ಬ್ರೇಕ್ ಹಿಡಿಯಲ್ಲ. ಆಗುಂಬೆ, ಚಾರ್ಮಾಡಿ ಇಳಿಯೋವಾಗ ಹತ್ತೋಕೆ ಯಾವ ಗೇರ್ ಬೇಕಾಗಿತ್ತೋ ಇಳಿಯೋಕೂ ಅದೇ ಗೇರ್ ಇಟ್ಕೊಳಿ. ನ್ಯೂಟ್ರಲ್ ಹಾಕಿ, ಎಂಜಿನ್ ಆಫ್ ಮಾಡಿ ಪೆಟ್ರೋಲ್ ಉಳಿಸ್ತೀನಿ ಅನ್ನೋರಿಗೆ ಕೈಮುಗಿದು ಹೇಳ್ತೀನಿ, ಮಾಡ್ಬೇಡಿ. ಎಂಜಿನ್ ಆಫ್ ಆದ್ರೆ ಬ್ರೇಕಿನ ಪವರ್ ಅಸಿಸ್ಟ್ ಕೂಡ ಹೋಗುತ್ತೆ.

ಕ್ಲಚ್ ಹೋಗಿದೆ ಅಂತ ಮನೇಲೇ ಹೆಂಗೆ ತಿಳ್ಕೊಳೋದು?

ಆಕ್ಸಿಲರೇಟರ್ ಒತ್ತಿದ್ರೆ ಎಂಜಿನ್ ಸೌಂಡ್ ಏರುತ್ತೆ, ಗಾಡಿ ಏರಲ್ಲ, ಸುಟ್ಟ ವಾಸನೆ ಬೇರೆ, ಅಂದ್ರೆ ಕ್ಲಚ್ ಸ್ಲಿಪ್ ಆಗ್ತಿದೆ. ಖಾಲಿ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಕಾಲು ಬ್ರೇಕ್ ಮೇಲಿಟ್ಟು, ನಾಲ್ಕನೇ ಗೇರ್ ಹಾಕಿ ಕ್ಲಚ್ ನಿಧಾನಕ್ಕೆ ಬಿಡಿ. ಎಂಜಿನ್ ಗಪ್ ಅಂತ ಆಫ್ ಆದ್ರೆ ಕ್ಲಚ್ ಹಿಡೀತಿದೆ, ಆಫ್ ಆಗದೆ ಓಡ್ತಾನೇ ಇದ್ರೆ ಕ್ಲಚ್ ಮುಗಿದಿದೆ. ಒಂದೇ ಸಲ ಮಾಡಿ, ಪದೇ ಪದೇ ಬೇಡ. ಬದಲಾಯಿಸೋದಾದ್ರೆ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರೂ ಒಟ್ಟಿಗೆ ಹಾಕ್ಸಿ, ಯಾಕಂದ್ರೆ ಗೇರ್‌ಬಾಕ್ಸ್ ಇಳಿಸೋ ಲೇಬರ್ರೇ ದೊಡ್ಡದು, ಸ್ವಲ್ಪ ದುಡ್ಡು ಉಳಿಸೋಕೆ ಹೋಗಿ ಆರು ತಿಂಗಳಿಗೆ ಬೇರಿಂಗ್ ಕೂಗಿದ್ರೆ ಮತ್ತೆ ಅಷ್ಟೂ ಲೇಬರ್ ಕೊಡ್ಬೇಕು. ಸಿಗ್ನಲ್‌ನಲ್ಲಿ ಹಾಫ್ ಕ್ಲಚ್‌ನಲ್ಲಿ ಗಾಡಿ ಹಿಡಿದು ನಿಲ್ಲಿಸೋ ಅಭ್ಯಾಸ ಬಿಟ್ರೆ ಕ್ಲಚ್ ಎಷ್ಟೋ ಸಾವಿರ ಕಿಲೋಮೀಟರ್ ಜಾಸ್ತಿ ಬರುತ್ತೆ.

ಸ್ಟೀರಿಂಗ್ ನಡುಗುತ್ತೆ, ಕೆಳಗೆ ಕಟಕಟ ಅನ್ನುತ್ತೆ

80-100 ಸ್ಪೀಡಲ್ಲಿ ಮಾತ್ರ ನಡುಗಿದ್ರೆ ವೀಲ್ ಬ್ಯಾಲೆನ್ಸಿಂಗ್. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದ್ರೆ ಡಿಸ್ಕ್. ಕೈ ಬಿಟ್ರೆ ಒಂದು ಕಡೆ ಎಳೆದ್ರೆ ಮೊದ್ಲು ಗಾಳಿ ಚೆಕ್ ಮಾಡಿ, ಆಮೇಲೆ ಅಲೈನ್‌ಮೆಂಟ್. ಹಳ್ಳದಲ್ಲಿ ಕಟಕಟ ಅಂದ್ರೆ ಲಿಂಕ್ ರಾಡ್, ಲೋವರ್ ಆರ್ಮ್ ಬುಷ್ ನೋಡ್ಸಿ, ಇವು ದೊಡ್ಡ ಖರ್ಚಲ್ಲ. ನೇರ "ನಾಲ್ಕೂ ಶಾಕ್ ಅಬ್ಸಾರ್ಬರ್ ಹಾಕ್ಬೇಕು" ಅಂದ್ರೆ ಸ್ವಲ್ಪ ತಡೀರಿ, ಆಯಿಲ್ ಲೀಕ್ ಆಗಿರೋದು ತೋರಿಸಿ ಅಂತ ಕೇಳಿ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೋಗೋವಾಗ ಟಕ ಟಕ ಟಕ ಅಂದ್ರೆ ಡ್ರೈವ್‌ಶಾಫ್ಟ್ ಜಾಯಿಂಟ್. ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ಹೊರಗೆ ಬರ್ತಿರೋದು ಮೊದ್ಲೇ ಕಣ್ಣಿಗೆ ಬಿದ್ರೆ ಬೂಟ್ ಮಾತ್ರ ಬದಲಾಯಿಸಿ ಜಾಯಿಂಟ್ ಉಳಿಸ್ಕೋಬಹುದು.

ಟೈರ್ ಯಾವಾಗ ಬದಲಾಯಿಸ್ಬೇಕು? ಎಷ್ಟು ಗಾಳಿ?

ಎಷ್ಟು ಗಾಳಿ ಅನ್ನೋದು ಡ್ರೈವರ್ ಡೋರ್ ತೆಗೆದ್ರೆ ಪಕ್ಕದ ಕಂಬದ ಮೇಲೆ ಸ್ಟಿಕ್ಕರ್‌ನಲ್ಲಿರುತ್ತೆ, ಬಂಕ್‌ನಲ್ಲಿ ಎಲ್ರಿಗೂ 35 ಹಾಕೋದು ನೋಡಿ ಹಾಕ್ಸ್ಬೇಡಿ. ಟೈರ್ ತಣ್ಣಗಿದ್ದಾಗ ಚೆಕ್ ಮಾಡಿ, ಸ್ಟೆಪ್ನಿಯೂ ಸೇರಿಸಿ. ಗ್ರಿಪ್ 1.6 ಮಿಲಿಮೀಟರ್‌ಗೆ ಇಳಿದ್ರೆ ಕಾನೂನು ಪ್ರಕಾರ ಮುಗೀತು, ಆದ್ರೆ ನಮ್ಮ ಮಳೆಗೆ ಅಷ್ಟು ತನಕ ಕಾಯ್ಬೇಡಿ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 2322 ಅಂತಿದ್ರೆ 2022ರ 23ನೇ ವಾರ ತಯಾರಾಗಿದ್ದು. ಹೊಸ ಟೈರ್ ತಗೊಳೋವಾಗ ಬಗ್ಗಿ ಇದನ್ನ ಓದಿ. ಪಕ್ಕ ಊದ್ಕೊಂಡಿರೋ ಟೈರ್‌ಗೆ ರಿಪೇರಿ ಇಲ್ಲ, ತೆಗೀರಿ. ನೈಟ್ರೋಜನ್ ಬೇಕಾ? ಮಾಮೂಲಿ ಗಾಳೀಲೇ 78 ಪರ್ಸೆಂಟ್ ನೈಟ್ರೋಜನ್ ಇದೆ, ಎರಡು ವಾರಕ್ಕೊಮ್ಮೆ ಗಾಳಿ ಚೆಕ್ ಮಾಡೋರಿಗೆ ಅವಶ್ಯಕತೆ ಇಲ್ಲ.

ನೀರು ನಿಂತ ರಸ್ತೇಲಿ ಗಾಡಿ ಆಫ್ ಆಯ್ತು

ಮತ್ತೆ ಸ್ಟಾರ್ಟ್ ಮಾಡ್ಬೇಡಿ. ಇದೊಂದು ನೆನಪಿಟ್ಕೊಳಿ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು ಕಡೆ ನೀರು ನುಗ್ಗಿದಾಗ ಬೇಸ್‌ಮೆಂಟಲ್ಲಿ ಎಷ್ಟೋ ಗಾಡಿ ಮುಳುಗಿದ್ವು. ಸುಮ್ನೆ ಮುಳುಗಿದ ಗಾಡಿ ರಿಪೇರಿ ಆಗೋ ಸಾಧ್ಯತೆ ಇರುತ್ತೆ, ಮುಳುಗಿದ್ದನ್ನ ಸ್ಟಾರ್ಟ್ ಮಾಡೋಕೆ ಹೋದ್ರೆ ಎಂಜಿನ್ನೇ ಹೋಗುತ್ತೆ. ಏರ್ ಫಿಲ್ಟರ್ ಮೂಲಕ ನೀರು ಸಿಲಿಂಡರ್ ಒಳಗೆ ಹೋಗಿರುತ್ತೆ, ಗಾಳಿ ಥರ ನೀರು ಕುಗ್ಗಲ್ಲ, ಪಿಸ್ಟನ್ ಮೇಲೆ ಬಂದು ನೀರಿಗೆ ಗುದ್ದಿ ಕನೆಕ್ಟಿಂಗ್ ರಾಡ್ ಬಾಗುತ್ತೆ. ಎಂಜಿನ್ ಪ್ರೊಟೆಕ್ಟ್ ಆಡ್-ಆನ್ ಇಲ್ಲದ ಪಾಲಿಸಿಗಳಲ್ಲಿ ಈ ಥರ ಹಾಳಾಗಿದ್ದಕ್ಕೆ ಸಾಮಾನ್ಯವಾಗಿ ಕ್ಲೇಮ್ ಸಿಗಲ್ಲ. ಬ್ಯಾಟರಿ ಮೈನಸ್ ಬಿಚ್ಚಿ, ಫೋಟೊ ತೆಗೆದಿಟ್ಕೊಳಿ, ಇನ್ಶೂರೆನ್ಸ್‌ನವರಿಗೆ ತಿಳಿಸಿ, ತಳ್ಳಿ ಅಥವಾ ಟೋ ಮಾಡ್ಸಿ ತಗೊಂಡೋಗಿ.

ಎಸಿ ತಣ್ಣಗಾಗ್ತಿಲ್ಲ, ಗ್ಯಾಸ್ ತುಂಬಿಸ್ಬೇಕಾ?

ಎಸಿ ಗ್ಯಾಸ್ ಪೆಟ್ರೋಲ್ ಥರ ಖರ್ಚಾಗೋದಲ್ಲ, ಸೀಲ್ ಆಗಿರೋ ಪೈಪಿನೊಳಗೇ ಸುತ್ತುತ್ತಿರುತ್ತೆ. ಒಂದೇ ಬೇಸಿಗೇಲಿ ಖಾಲಿ ಆಗಿದ್ರೆ ಲೀಕ್ ಇದೆ, ಲೀಕ್ ಹುಡುಕದೆ ತುಂಬಿಸಿದ್ರೆ ಮುಂದಿನ ವರ್ಷ ಮತ್ತೆ ಅದೇ ಕಥೆ. ಅದಕ್ಕೂ ಮುಂಚೆ ಗ್ಲೋವ್ ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ, ಧೂಳು, ಎಲೆ, ಕೂದಲು ತುಂಬಿ ಗಾಳೀನೇ ಬರ್ದೇ ಇರುತ್ತೆ. ಹೆಚ್ಚಿನ ಗಾಡೀಲಿ ಸ್ಕ್ರೂಡ್ರೈವರ್ ಕೂಡ ಬೇಡ.

ಇಲಿ ವೈರ್ ಕಚ್ಚುತ್ತೆ

ತೋಟದ ಮನೆಗಳಲ್ಲಿ, ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ಎರಡೂ ಕಡೆ ಇದೇ ಗೋಳು. ಬಿಸಿ ಎಂಜಿನ್ ಹತ್ರ ಬೆಚ್ಚಗಿರುತ್ತೆ ಅಂತ ಬರುತ್ವೆ. ಹೊಗೆಸೊಪ್ಪು ಕಟ್ಟೋದು, ಸ್ಪ್ರೇ ಹೊಡೆಯೋದು ಸ್ವಲ್ಪ ದಿನ ಕೆಲಸ ಮಾಡಿದ್ರೂ ಬಿಸಿಗೆ ವಾಸನೆ ಹೋದ್ಮೇಲೆ ಮತ್ತೆ ಬರುತ್ವೆ. ಒಳಗೆ ಬರೋ ದಾರಿಗೆ ಕಬ್ಬಿಣದ ಜಾಲರಿ ಹಾಕ್ಸೋದು, ಕಾರೊಳಗೆ ತಿಂಡಿ ಚೂರು ಬಿಡದೇ ಇರೋದು, ಪಕ್ಕದಲ್ಲಿ ಅಕ್ಕಿ ಮೂಟೆ, ಹಿಂಡಿ ಇಡದೇ ಇರೋದು ಹೆಚ್ಚು ಉಪಯೋಗ. ನಾಲ್ಕು ದಿನ ನಿಂತ ಗಾಡೀನ ಸ್ಟಾರ್ಟ್ ಮಾಡೋ ಮುಂಚೆ ಬಾನೆಟ್ ತೆಗೆದು ನೋಡಿ.

ಚೆಕ್ ಎಂಜಿನ್ ಲೈಟ್ ಹತ್ತಿದೆ

ಹಳದಿ ಸುಮ್ನೆ ಉರೀತಿದ್ರೆ ನಿಧಾನಕ್ಕೆ ಓಡಿಸ್ಕೊಂಡು ಗ್ಯಾರೇಜ್‌ಗೆ ಹೋಗಬಹುದು. ಮಿಣುಕಿದ್ರೆ ಸಾಮಾನ್ಯವಾಗಿ ಮಿಸ್‌ಫೈರ್ (ಸಿಲಿಂಡರ್ ಒಳಗೆ ಇಂಧನ ಸರಿಯಾಗಿ ಉರೀತಿಲ್ಲ), ಜಾಸ್ತಿ ಓಡಿಸ್ಬೇಡಿ. ಸ್ಕ್ಯಾನರ್ ಹಾಕ್ಸಿ ಕೋಡ್ ನಂಬರ್ ಬರ್ಕೊಳಿ, ಬರೀ ಕೋಡ್ ಅಳಿಸಿ ಕಳಿಸಿದ್ರೆ ಒಪ್ಕೋಬೇಡಿ. ಕೋಡ್‌ನಲ್ಲಿ ಯಾವುದೋ ಸೆನ್ಸರ್ ಹೆಸರು ಬಂದ್ರೆ ಆ ಸೆನ್ಸರ್ರೇ ಹೋಗಿದೆ ಅಂತಲ್ಲ, ವೈರ್ ಕಟ್ ಆಗಿದ್ರೂ ಅದೇ ಕೋಡ್ ಬರುತ್ತೆ. ಬಿಎಸ್6 ಡೀಸೆಲ್ ಇರೋರಿಗೆ ಡಿಪಿಎಫ್ (ಹೊಗೆಯಲ್ಲಿರೋ ಮಸಿ ಹಿಡಿಯೋ ಫಿಲ್ಟರ್) ಲೈಟ್ ಹತ್ತಿದ್ರೆ ಊರೊಳಗೇ ಸುತ್ತಿ ಫಿಲ್ಟರ್‌ನಲ್ಲಿ ಮಸಿ ತುಂಬಿದೆ ಅಂತ, ಹೈವೇಲಿ 60ರ ಮೇಲೆ ಒಂದೇ ಸಮ 15-20 ನಿಮಿಷ ಓಡಿಸಿದ್ರೆ ಸಾಮಾನ್ಯವಾಗಿ ಸುಟ್ಟು ಕ್ಲೀನ್ ಆಗುತ್ತೆ. ದಿನಾ ಐದು ಕಿಲೋಮೀಟರ್ ಮಾತ್ರ ಓಡಿಸೋರಿಗೆ ಡೀಸೆಲ್ ಬೇಡ.

ಕಂಪನಿ ಸರ್ವಿಸ್ ಸೆಂಟರ್ರಾ, ಲೋಕಲ್ ಗ್ಯಾರೇಜಾ?

ವಾರಂಟಿ ಇರೋ ತನಕ ಕಂಪನಿ. ಆಮೇಲೆ ನಂಬಿಕೆಯ ಗ್ಯಾರೇಜ್ ಸಿಕ್ರೆ ಅಲ್ಲೇ ಸಾಕು. ಎಲ್ಲೇ ಹೋಗಿ, ಕೆಲಸಕ್ಕೆ ಮುಂಚೆ ಎಸ್ಟಿಮೇಟ್ ಬರೆಸ್ಕೊಳಿ, ಜಾಬ್ ಕಾರ್ಡ್ ಓದಿ ಸೈನ್ ಮಾಡಿ, ತೆಗೆದ ಹಳೇ ಪಾರ್ಟ್ ವಾಪಸ್ ಕೇಳಿ. ಹೊಸ ಗಾಡಿಗೆ ಎಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್, ಎಸಿ ಡಿಸಿನ್ಫೆಕ್ಟೆಂಟ್ ಅಂತ ಬಿಲ್‌ಗೆ ಸೇರಿಸಿದ್ರೆ ಮ್ಯಾನುಯಲ್‌ನಲ್ಲಿ ಎಲ್ಲಿದೆ ಅಂತ ಕೇಳಿ, ಇಲ್ಲ ಅಂದ್ರೆ ಬೇಡ ಅನ್ನಿ. ಪಾರ್ಟ್ಸ್ ನೀವೇ ತರೋದಾದ್ರೆ ಬೆಂಗಳೂರಲ್ಲಿ ಜೆಸಿ ರೋಡ್ ಇದ್ದೇ ಇದೆ, ಅಲ್ಲಿ ಸಿಗದೇ ಇರೋದು ಕಮ್ಮಿ, ಆದ್ರೆ ಡೂಪ್ಲಿಕೇಟ್ ಕೂಡ ಬರುತ್ತೆ. ಪ್ಯಾಕ್ ಮೇಲಿನ ಎಂಆರ್‌ಪಿ, ಪಾರ್ಟ್ ನಂಬರ್ ನೋಡಿ, ಜಿಎಸ್‌ಟಿ ಬಿಲ್ ತಗೊಳಿ. ಬ್ರೇಕ್, ಸ್ಟೀರಿಂಗ್ ಪಾರ್ಟ್‌ನಲ್ಲಿ ಚೌಕಾಸಿ ಬೇಡವೇ ಬೇಡ.

ಇ20 ಪೆಟ್ರೋಲ್‌ನಿಂದ ಹಳೇ ಗಾಡಿಗೆ ತೊಂದ್ರೆ ಇದೆಯಾ?

ಇ20 ಅಂದ್ರೆ 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಶಕ್ತಿ ಕಮ್ಮಿ, ಅದಕ್ಕೇ ಮೈಲೇಜ್ ಸ್ವಲ್ಪ ಇಳಿಯುತ್ತೆ. ಹಳೇ ಗಾಡಿಗಳಲ್ಲಿ ನೋಡ್ಬೇಕಾಗಿರೋದು ರಬ್ಬರ್ ಹೋಸ್, ಸೀಲ್‌ಗಳು. ಪೆಟ್ರೋಲ್ ವಾಸನೆ ಬಂದ್ರೆ ತಕ್ಷಣ ತೋರಿಸಿ, ಬೆಂಕಿ ವಿಷ್ಯ. ಎಥನಾಲ್ ತೇವ ಹೀರೋದ್ರಿಂದ ತಿಂಗಳುಗಟ್ಲೆ ಗಾಡಿ ಓಡಿಸದೆ ನಿಲ್ಲಿಸ್ಬೇಡಿ.

ಮಂಗಳೂರು, ಕಾರವಾರ ಕಡೆ ಗಾಡಿಗೆ ತುಕ್ಕು ಬೇಗ ಹಿಡಿಯುತ್ತೆ, ಏನು ಮಾಡೋದು?

ಸಮುದ್ರದ ಉಪ್ಪು ಗಾಳಿ. ಮೇಲೆ ಹೊಳೆಯೋ ಹಂಗೆ ತೊಳೆಯೋದಕ್ಕಿಂತ ಕೆಳಗಡೆ ಒಳ್ಳೆ ನೀರಿನಿಂದ ತೊಳೆಸಿ, ಬೀಚ್‌ಗೆ ಹೋಗಿ ಬಂದ್ರಂತೂ ಅವತ್ತೇ. ಡೋರ್ ಕೆಳಗಿನ ನೀರು ಹೋಗೋ ತೂತು ಮಣ್ಣಿಂದ ಮುಚ್ಚಿರುತ್ತೆ, ಕಡ್ಡಿ ಹಾಕಿ ಬಿಡಿಸಿ. ಇರೋ ತುಕ್ಕನ್ನ ಉಜ್ಜಿ ತೆಗೀದೆ ಮೇಲೆ ಅಂಡರ್‌ಬಾಡಿ ಕೋಟಿಂಗ್ ಹೊಡೆಸಿದ್ರೆ ಒಳಗೊಳಗೇ ತಿನ್ನುತ್ತೆ.

15 ವರ್ಷ ಆದ ಗಾಡಿ ಇಟ್ಕೊಳೋದಾ, ಮಾರೋದಾ?

ಡೀಸೆಲ್‌ಗೆ 10, ಪೆಟ್ರೋಲ್‌ಗೆ 15 ವರ್ಷ ಅನ್ನೋದು ದೆಹಲಿ ಎನ್‌ಸಿಆರ್‌ಗೆ (ದೆಹಲಿ ಮತ್ತೆ ಅದರ ಸುತ್ತಮುತ್ತ) ಅಂತ ಬಂದ ರೂಲ್, ಕರ್ನಾಟಕದ್ದಲ್ಲ. ಇಲ್ಲಿ 15 ವರ್ಷ ಆದ್ಮೇಲೆ ಆರ್‌ಟಿಒದಲ್ಲಿ ಗಾಡಿ ತೋರಿಸಿ, ಗ್ರೀನ್ ಟ್ಯಾಕ್ಸ್ ಕಟ್ಟಿ ಆರ್‌ಸಿ ರಿನ್ಯೂ ಮಾಡ್ಸಿದ್ರೆ ಐದು ವರ್ಷ ಸಿಗುತ್ತೆ. ಎಂಜಿನ್, ಗೇರ್‌ಬಾಕ್ಸ್ ಹಳೇದಾದ್ರೂ ಸರಿ ಮಾಡ್ಸ್ಬಹುದು, ಆದ್ರೆ ಗಾಡೀನ ಲಿಫ್ಟ್ ಮೇಲೆ ಹಾಕ್ಸಿ ಚಾಸಿಸ್, ಸಸ್ಪೆನ್ಷನ್ ಕೂರೋ ಜಾಗ ಸ್ಕ್ರೂಡ್ರೈವರ್‌ನಲ್ಲಿ ಚುಚ್ಚಿ ನೋಡ್ಸಿ. ಅಲ್ಲಿ ತುಕ್ಕು ತೂತು ಬಿದ್ದಿದ್ರೆ ಮತ್ತೆ ದುಡ್ಡು ಹಾಕ್ಬೇಡಿ. ಅದು ಗಟ್ಟಿ ಇದ್ರೆ, ಪಾರ್ಟ್ಸ್ ಇನ್ನೂ ಸಿಗ್ತಿದ್ರೆ, ಇಟ್ಕೊಳಿ. ಆರ್‌ಸಿ ಮುಗಿಯೋ ಒಂದೆರಡು ತಿಂಗಳು ಮುಂಚೇನೇ ಲೈಟು, ಬ್ರೇಕು, ಟೈರು, ಹೊಗೆ ಟೆಸ್ಟು ಎಲ್ಲಾ ಸರಿ ಮಾಡ್ಸಿಟ್ಕೊಂಡು ಅರ್ಜಿ ಹಾಕಿ.